ಮರಳಿ ಮಣ್ಣಿಗೆ: ಅಷ್ಟು ದಿನ ಗದ್ದೆ ನೋಡಿಕೊಂಡವರು ಯಾರು?

ಅಕ್ಕನ ಮಗ ಈ ಸಲ ಪಿಯುಸಿ ಮುಗಿಸಿದ. ಬೈಂದೂರು ಕಡೆ ಒಬ್ಬರು ವೈರಿಂಗ್ ಕೆಲಸದವರ ಜೊತೆ ಹೋಗ್ತಾನೆ. ಮನೆಯಲ್ಲಿ ಎರಡು ದನ, ಸ್ವಲ್ಪ ಗದ್ದೆ. ಊರಿಗೆ ಹೋದಾಗ ಕೇಳಿದ: "ಮಾವ, ಕಾಲೇಜಿಗೆ ಹೋಪ್ದಾ ಬ್ಯಾಡ್ದಾ? ಈಗ್ಲೇ ನಾಲ್ಕ್ ಕಾಸ್ ಬತ್ತಾ ಇತ್ತಲೆ."

ಬಿಇ ಮಾಡಿ ಬೆಂಗಳೂರಲ್ಲಿ ಕೂತ ಮಾವನ ಹತ್ತಿರ ಇಂಥ ಪ್ರಶ್ನೆಗೆ ಎರಡು ಸಿದ್ಧ ಉತ್ತರ ಇರುತ್ತೆ. ಒಂದು, ಡಿಗ್ರಿ ಇಲ್ಲದೆ ಏನೂ ಆಗಲ್ಲ. ಇನ್ನೊಂದು, ಊರಲ್ಲೇ ಇರು ಮಾರಾಯ, ನಾವೇ ವಾಪಸ್ ಬರೋಕೆ ಒದ್ದಾಡ್ತಿದ್ದೀವಿ. ಎರಡನೆಯದನ್ನು ಹೇಳುವಾಗ ನಮ್ಮ ಕಡೆಯವರು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಎಳೆದು ತರೋದು ಮಾಮೂಲು. ನಾನೂ ತಂದವನೇ. ಈ ಸಲ ಬಾಯಿಗೆ ಬಂದಿದ್ದನ್ನು ತಡೆದುಕೊಂಡು, ಪುಸ್ತಕವನ್ನು ಮತ್ತೆ ಓದಿದೆ.

ಕತೆ ನಡೆಯೋದು ಕೋಟದ ಪಕ್ಕದ ಕೋಡಿಯಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಮೂರು ತಲೆಮಾರು. ರಾಮ ಐತಾಳರು ಪೌರೋಹಿತ್ಯ ಮಾಡಿಕೊಂಡು ಕಾಸಿಗೆ ಕಾಸು ಕೂಡಿಸ್ತಾರೆ. ಅವರ ಮಗ ಲಚ್ಚ ಇಂಗ್ಲಿಷ್ ಕಲಿಯೋಕೆ ಕುಂದಾಪುರಕ್ಕೆ ಹೋಗಿ ಕೆಟ್ಟು, ಆಸ್ತಿ ಕರಗಿಸ್ತಾನೆ. ಲಚ್ಚನ ಮಗ ರಾಮ ಮದರಾಸಿಗೆ ಹೋಗ್ತಾನೆ, ಚಳವಳಿಗೆ ಸೇರ್ತಾನೆ, ಬಿ.ಎ. ಮಾಡ್ತಾನೆ. ಆದರೆ ಕೆಲಸ ಸಿಗಲ್ಲ. ಕೊನೆಗೆ ಕೋಡಿಗೇ ಬರ್ತಾನೆ.

ಇಷ್ಟನ್ನೇ ಇಟ್ಟುಕೊಂಡರೆ ಕಾಲೇಜು ಬೇಡ ಅನ್ನೋ ಕಾದಂಬರಿ ಅನ್ನಿಸುತ್ತೆ. ಬರೆದವರ ಬದುಕೂ ಅದಕ್ಕೆ ಸಾಕ್ಷಿ ಹೇಳುವ ಹಾಗಿದೆ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಗಾಂಧಿಯ ಕರೆ ಕೇಳಿ ಕಾಲೇಜು ಬಿಟ್ಟವರು. ಡಿಗ್ರಿ ಇಲ್ಲದೆಯೇ ವಿಜ್ಞಾನ ಬರೆದರು, ಯಕ್ಷಗಾನ ಕಟ್ಟಿದರು, 1977ರಲ್ಲಿ ಜ್ಞಾನಪೀಠ ಬಂತು. ಆದರೆ ಅಂಥವರು ಶತಮಾನಕ್ಕೊಬ್ಬರು. ಅವರನ್ನು ತೋರಿಸಿ ಹದಿನೆಂಟರ ಹುಡುಗನಿಗೆ ಬುದ್ಧಿ ಹೇಳೋದು ನ್ಯಾಯ ಅಲ್ಲ.

ಮೊದಲ ಸಲ ಓದಿದಾಗ ರಾಮನೇ ನಾಯಕ ಅಂದುಕೊಂಡಿದ್ದೆ. ಈ ಸಲ ಕಣ್ಣಿಗೆ ಬಿದ್ದವರು ಹೆಂಗಸರು: ಐತಾಳರ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ, ಸೊಸೆ ನಾಗವೇಣಿ. ನೆಟ್ಟಿ, ಸೊಪ್ಪು, ಗೊಬ್ಬರ, ಮಳೆಗಾಲದಲ್ಲಿ ನೀರಲ್ಲಿ ತೇಲಿ ಬರುವ ಸೌದೆ, ಎಲ್ಲಕ್ಕೂ ಅವರ ಕೈಯೇ ಆಗಬೇಕು. ಲಚ್ಚ ಓದಿದ್ದು ಆ ದುಡಿಮೆಯ ಮೇಲೆ. ರಾಮ ಓದಿದ್ದೂ ಅಮ್ಮ ನಾಗವೇಣಿ ಕಷ್ಟಪಟ್ಟಿದ್ದರಿಂದ. ಅವನು ಮರಳಿ ಬಂದಾಗ ಮಣ್ಣು ಅಲ್ಲಿ ಇತ್ತಲ್ಲ, ಅದು ತಾನಾಗೇ ಉಳಿದಿದ್ದಲ್ಲ. ಹೋಗೋದಾ ಬೇಡ್ವಾ ಅನ್ನೋ ಪ್ರಶ್ನೆಯನ್ನು ಈ ಹೆಂಗಸರಿಗೆ ಯಾರೂ ಕೇಳಲಿಲ್ಲ. ಮನೆಗೆಲಸಕ್ಕೆ ಬರುವ ಸೂರ, ಬಚ್ಚಿಯರಿಗಂತೂ ಕೇಳುವ ಮಾತೇ ಇಲ್ಲ.

ಕಾದಂಬರಿಯ ಮೇಲೆ ನನಗೆ ಎರಡು ತಕರಾರಿವೆ. ಲಚ್ಚ ಕೆಟ್ಟಿದ್ದಕ್ಕೆ ಪೇಟೆ ಮತ್ತು ಇಂಗ್ಲಿಷಿನ ಮೇಲೆ ಸ್ವಲ್ಪ ಜಾಸ್ತಿಯೇ ಹೊರೆ ಬಿದ್ದಿದೆ. ಒಬ್ಬನೇ ಗಂಡು ಮಗ ಅಂತ ಮನೆಯವರು ಮಾಡಿದ ಮುದ್ದಿನ ಪಾಲೂ ಸಣ್ಣದಲ್ಲ. ಎರಡನೆಯದು ಲೆಕ್ಕದ ವಿಷಯ. ಮೊದಲರ್ಧದಲ್ಲಿ ಅಕ್ಕಿ, ದಕ್ಷಿಣೆ, ಸೌದೆ ಎಲ್ಲದಕ್ಕೂ ಲೆಕ್ಕ ಇಡುವ ಕಾದಂಬರಿ, ರಾಮ ಊರಿಗೆ ಬಂದ ಮೇಲೆ ಅಷ್ಟು ಲೆಕ್ಕ ಕೊಡಲ್ಲ. ಆ ಗದ್ದೆಯಿಂದ ಹತ್ತು ವರ್ಷ ಸಂಸಾರ ನಡೀತಾ? ಗೊತ್ತಾಗಲ್ಲ. ವಾರಾಂತ್ಯದ ಕೃಷಿಯ ಕನಸು ಕಾಣುವ ನಮ್ಮಂಥವರಿಗೆ ಇಷ್ಟವಾಗೋದು ಈ ಭಾಗವೇ.

ಆದರೂ ಇದು ದೊಡ್ಡ ಪುಸ್ತಕ. ಓದು ಹೆಚ್ಚಾ ಮಣ್ಣು ಹೆಚ್ಚಾ ಅಂತ ತೀರ್ಪು ಕೊಡೋದು ಬಿಟ್ಟು, ಒಬ್ಬ ಓದೋಕೆ ಹೋದರೆ ಮನೆಯಲ್ಲಿ ಯಾರ ಬೆನ್ನು ಬಾಗುತ್ತೆ ಅಂತ ನೂರಾರು ಪುಟ ತೋರಿಸುತ್ತೆ.

ನನ್ನ ಬಿಇ ಕೂಡ ಹಾಗೇ ಆಗಿದ್ದು. ಅಮ್ಮ ಬೆಳಿಗ್ಗೆ ಐದಕ್ಕೆದ್ದು ಡೇರಿಗೆ ಹಾಲು ಹಾಕಿದ ದುಡ್ಡು ಫೀಸಿಗೆ ಸೇರಿತ್ತು. ಸ್ಕಾಲರ್‌ಶಿಪ್ಪಿನ ಮೊತ್ತ ಈಗಲೂ ಬಾಯಿಪಾಠ. ಹಾಲಿನ ದುಡ್ಡು ಎಷ್ಟು ಅಂತ ನಾನು ಕೇಳಿದ್ದೇ ಇಲ್ಲ.

ರಾಮನ ಹಾಗೆ ಮದರಾಸಿಗೆ ಹೋಗೋ ಕಾಲ ಇದಲ್ಲ. ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು ಶುರುವಾಗಿದ್ದೇ 1963ರಲ್ಲಿ. ಈಗ ಬಸ್ಸು ಹತ್ತಿದರೆ ಕಾಲೇಜು. ಹಾಗಾಗಿ ಹುಡುಗನಿಗೆ ಹೇಳಿದೆ: ಕೂತು ಲೆಕ್ಕ ಬರಿ. ಫೀಸು, ಬಸ್ ಪಾಸು, ತಪ್ಪುವ ಕೂಲಿ. ಅದರ ಕೆಳಗೆ ನೀನು ಮಾಡ್ತಿದ್ದ ಮನೆಗೆಲಸ ಯಾರ ಪಾಲಿಗೆ ಬರುತ್ತೆ ಅಂತಾನೂ ಬರಿ. ಒಂಬತ್ತರಲ್ಲಿರೋ ತಂಗಿಗೂ ಇದೇ ಪ್ರಶ್ನೆ ಬರುತ್ತೆ, ಅದನ್ನೂ ಸೇರಿಸು.

ಒಳಗಿಂದ ಅಕ್ಕ ಹೇಳಿದಳು: "ಗದ್ದಿ, ದನ ನಾನ್ ಕಾಣ್ಕಂತೆ. ಅವ ಹೋಯ್ಲಿ."

ಪಾರೋತಿ ಮಾತಾಡಿದ ಹಾಗೇ ಕೇಳಿಸಿತು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಕಾಲೇಜಿಗೆ ಹೋದರೂ ಬೆಳಿಗ್ಗೆ ಹಾಲು ಕರೆಯೋದು ತನ್ನದೇ, ರಜೆಯಲ್ಲಿ ವೈರಿಂಗ್ ಕೆಲಸಾನೂ ಬಿಡಲ್ಲ ಅಂದ. ಫಾರಂ ಕೊಡೋಕೆ ಇನ್ನೂ ಒಂದು ವಾರ ಇದೆ. ಏನು ಮಾಡ್ತಾನೋ, ನೋಡಬೇಕು.