ನಂಜುಂಡಪ್ಪ ವರದಿ: ಒಂದು ವಿಮರ್ಶೆ

ನಾಡು ಮುಂದುವರಿಯಿತೆಂದು ಹೇಳುವವರನ್ನು, ನಾಡಿನ ಯಾವ ಭಾಗ ಮುಂದುವರಿಯಿತು, ಯಾವುದು ಹಿಂದುಳಿಯಿತು ಎಂದು ಕೇಳುವುದು ಅರ್ಥಶಾಸ್ತ್ರಜ್ಞನ ಧರ್ಮ. ಕರ್ನಾಟಕದ ಮಟ್ಟಿಗೆ ಈ ಧರ್ಮವನ್ನು ನಿಷ್ಠೆಯಿಂದ ಪಾಲಿಸಿದವರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರು ಪ್ರಮುಖರು. ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು ಪ್ರಾದೇಶಿಕ ಅಸಮತೋಲನವನ್ನು ಕುರಿತ ತನ್ನ ವರದಿಯನ್ನು 2002ರಲ್ಲಿ ಸರ್ಕಾರಕ್ಕೆ ಒಪ್ಪಿಸಿತು. ಇದೇ ವಿಷಯದ ಮರುಪರಿಶೀಲನೆಗೆಂದು 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯೂ ನೇಮಕಗೊಂಡಿತು. ಆದ್ದರಿಂದ ಮೊದಲಿನ ವರದಿಯ ಗುಣದೋಷಗಳನ್ನು ತೂಗಿ ನೋಡುವುದು ಅಪ್ರಸ್ತುತವಾಗಲಾರದು.

ವರದಿಯ ಹಿರಿಮೆಯಿರುವುದು ಅದು ಆರಿಸಿಕೊಂಡ ಘಟಕದಲ್ಲಿ. ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅದು ಅಳೆಯಿತು. ಬೇಸಾಯ, ಕೈಗಾರಿಕೆ, ರಸ್ತೆ, ಆರೋಗ್ಯ, ಶಿಕ್ಷಣ ಮುಂತಾದವುಗಳಿಗೆ ಸಂಬಂಧಿಸಿದ 35 ಸೂಚಕಗಳನ್ನು ಕೂಡಿಸಿ ಪ್ರತಿಯೊಂದು ತಾಲ್ಲೂಕಿಗೂ ಒಂದು ಸೂಚ್ಯಂಕವನ್ನು ಕೊಟ್ಟಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಕಂಡುಬಂದಿತು. ಉತ್ತರ ಕರ್ನಾಟಕದ ಅಳಲು ಬರಿಯ ಮಾತಲ್ಲವೆಂಬುದು ಸಿದ್ಧವಾಯಿತು. ದಕ್ಷಿಣದಲ್ಲಿಯೂ ಕತ್ತಲೆಯ ಮೂಲೆಗಳಿವೆಯೆಂಬುದೂ ಬೆಳಕಿಗೆ ಬಂದಿತು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಈ ಅಳತೆಗೋಲಿಗೆ ಎರಡು ಕೊರತೆಗಳಿವೆ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿರುವುದನ್ನು ಹಿಂದುಳಿದುದೆಂದು ಕರೆಯಲಾಗಿದೆ. ಇಡೀ ರಾಜ್ಯವೇ ಕುಸಿದರೂ ಈ ಗೋಲಿಗೆ ಅದು ಕಾಣಿಸದು. ದೇವದುರ್ಗದಂಥ ತಾಲ್ಲೂಕು ಹತ್ತು ಹೆಜ್ಜೆ ಮುಂದಿಟ್ಟಾಗ ಬೆಂಗಳೂರು ಇಪ್ಪತ್ತು ಹೆಜ್ಜೆ ಮುಂದಿಟ್ಟಿದ್ದರೆ, ದೇವದುರ್ಗ ಇನ್ನಷ್ಟು ಹಿಂದುಳಿದಂತೆಯೇ ತೋರುತ್ತದೆ.

ಎರಡನೆಯ ಕೊರತೆ ಇನ್ನೂ ಗಂಭೀರವಾದುದು. ತಾಲ್ಲೂಕಿನ ಸರಾಸರಿಯಲ್ಲಿ ಜಮೀನ್ದಾರನ ಮಗನೂ ಕೂಲಿಕಾರನ ಮಗಳೂ ಒಂದೇ ಅಂಕಿಯೊಳಗೆ ಕರಗಿಹೋಗುತ್ತಾರೆ. ಶಾಲೆಯಿಂದ ಹೊರಗುಳಿದ ಮಕ್ಕಳನ್ನು ವರದಿ ಎಣಿಸಿದೆ, ನಿಜ. ಆದರೆ ಅದು ಎಣಿಸಿದ ಮತ್ತೊಂದು ಸೂಚಕವಾದ ಶಿಕ್ಷಕ-ವಿದ್ಯಾರ್ಥಿ ಪ್ರಮಾಣವನ್ನು ನೋಡಿರಿ. ಬರಗಾಲದಲ್ಲಿ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಗುಳೆ ಹೋದರೆ ತರಗತಿ ಬರಿದಾಗುತ್ತದೆ. ಅಂಥ ದಿನ ಹಾಜರಿದ್ದವರನ್ನಷ್ಟೇ ಲೆಕ್ಕ ಹಿಡಿದರೆ ಪ್ರಮಾಣ ಉತ್ತಮಗೊಂಡಂತೆ ಕಾಣುತ್ತದೆ. ಕುಳಿತಿರುವ ಮಗು ಏನನ್ನು ಕಲಿಯಿತೆಂಬುದನ್ನಂತೂ ಈ ಅಂಕಿ ಹೇಳುವುದೇ ಇಲ್ಲ.

ವರದಿಯ ಶಿಫಾರಸಿನಂತೆ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆ 2007-08ರಿಂದ ಆರಂಭವಾಯಿತು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, ಹೈದರಾಬಾದ್ ಕರ್ನಾಟಕದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಗೆ ಅವಕಾಶವಾಯಿತು. ಇವೆರಡೂ ಸ್ವಾಗತಾರ್ಹವೇ. ಆದರೆ ವೆಚ್ಚವಾದ ಹಣವನ್ನು ಅಳಿಸಿದ ಬಡತನವೆಂದು ಭ್ರಮಿಸಬಾರದು. ಏಳನೆಯ ತರಗತಿಗೇ ಶಾಲೆ ಬಿಟ್ಟ ಹುಡುಗನಿಗೆ ವೈದ್ಯಕೀಯ ಕಾಲೇಜಿನ ಮೀಸಲು ಸ್ಥಾನ ದೂರದ ಬೆಟ್ಟವಷ್ಟೆ.

ಇಲ್ಲಿ ಮಠಗಳ ಅನುಭವಕ್ಕೆ ಹೇಳಲು ಒಂದು ಮಾತಿದೆ. ಸೂಚ್ಯಂಕಗಳು ಹುಟ್ಟುವುದಕ್ಕೆ ಬಹಳ ಮೊದಲೇ ನಮ್ಮ ಹಿರಿಯ ಶ್ರೀಗಳು ಶಾಲೆಗಿಂತ ಮುಂಚೆ ಪ್ರಸಾದ ನಿಲಯವನ್ನು ತೆರೆದರು. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲವೆಂಬುದನ್ನು ಅವರು ಪಂಕ್ತಿಯ ಕೊನೆಯಲ್ಲಿ ಕುಳಿತ ಮಗುವಿನ ಮುಖದಿಂದ ತಿಳಿದಿದ್ದರು. ದಾಸೋಹದಲ್ಲಿ ಸರಾಸರಿಯೆಂಬುದಿಲ್ಲ, ಕಟ್ಟಕಡೆಯವನು ಉಂಡನೇ ಇಲ್ಲವೇ ಎಂಬುದೇ ಅಲ್ಲಿಯ ಲೆಕ್ಕ. ಅರ್ಥಶಾಸ್ತ್ರಕ್ಕೆ ಬೇಕಾಗಿರುವುದೂ ಈ ದೃಷ್ಟಿಯೇ.

ಆದರೆ ಸಂಶೋಧಕರತ್ತ ಬೆರಳು ತೋರಿಸಿ ನಾವು ಸುಮ್ಮನಾಗುವಂತಿಲ್ಲ. ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡ ಹುದ್ದೆಗಳಿಗೇರಿದ ನಾವು ಹೊಸ ವಿದ್ಯಾಸಂಸ್ಥೆಗೆ ಕಾಣಿಕೆ ಕೊಡುವಾಗ ಅದು ಆ 39 ತಾಲ್ಲೂಕುಗಳಲ್ಲಿ ಒಂದಕ್ಕಾದರೂ ಸಲ್ಲಲೆಂದು ಕೇಳಿದ್ದೇವೆಯೇ? 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣವೆಂಬ ಹೆಸರು ಬಂದಿತು. ಬಸವಣ್ಣನವರ ಕಲ್ಯಾಣದ ಹೆಸರು ಅದು. ಹೆಸರಿಟ್ಟದ್ದು ಸರ್ಕಾರ, ಅದನ್ನು ಸಾರ್ಥಕಗೊಳಿಸುವ ಹೊಣೆಯಲ್ಲಿ ನಮ್ಮ ಪಾಲೂ ಇದೆ.