ದೆಲ್ಲಾ ವಲ್ಲೆಯ ಪತ್ರಗಳಲ್ಲಿ ಇಕ್ಕೇರಿ

ಹೊಣಕೆರೆ, ಬೆಳ್ಳೂರು, ಬಿಂಡಿಗನವಿಲೆ ಮೊದಲಾದ ಹೋಬಳಿಗಳನ್ನೊಳಗೊಂಡ ನಾಗಮಂಗಲ ತಾಲ್ಲೂಕು ಕನ್ನಡದ ಪ್ರವಾಸಸಾಹಿತ್ಯಕ್ಕೆ ಮಾಡಿರುವ ಉಪಕಾರ ಸಣ್ಣದಲ್ಲ. ಆ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಜನಿಸಿದ ಎಚ್. ಎಲ್. ನಾಗೇಗೌಡರು, ಜಾನಪದದ ಸೇವೆಯಿಂದ ನಾಡಿಗೆಲ್ಲ ಪರಿಚಿತರಾದವರು, ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಮಾಲೆಯ ಮೂಲಕ ಪರದೇಶದ ಯಾತ್ರಿಕರ ಬರಹಗಳನ್ನು ಕನ್ನಡಿಗರ ಮನೆಬಾಗಿಲಿಗೆ ತಂದರು. ನೆರೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ. ಎನ್. ಮೂರ್ತಿರಾಯರು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯಲ್ಲಿ ಇದರ ಎದುರು ದಾರಿಯನ್ನು ಹಿಡಿದರು. ಒಂದರಲ್ಲಿ ಅನ್ಯರ ಕಣ್ಣಿಗೆ ನಾವು. ಇನ್ನೊಂದರಲ್ಲಿ ನಮ್ಮ ಕಣ್ಣಿಗೆ ಅನ್ಯರು. ಎರಡನೆಯದನ್ನು ಓದುವುದು ಸುಲಭ, ಸುಖಕರ. ಮೊದಲನೆಯದನ್ನು ಓದುವಾಗ ಮಾತ್ರ ನಮ್ಮವರ ವಿವೇಕ ಆಗಾಗ ಕೈಕೊಡುತ್ತದೆ. ಹೊಗಳಿಕೆ ಕಂಡಲ್ಲಿ ಗುರುತು ಹಾಕಿಕೊಳ್ಳುವುದು, ತೆಗಳಿಕೆ ಕಂಡಲ್ಲಿ ಹಾಳೆ ಮಗುಚುವುದು ವಾಡಿಕೆಯಾಗಿಬಿಟ್ಟಿದೆ. ವೀರಶೈವ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಯನ್ನು ಕುರಿತ ಪಿಯೆತ್ರೊ ದೆಲ್ಲಾ ವಲ್ಲೆಯ ಪತ್ರಗಳು ಈ ವಾಡಿಕೆಯನ್ನು ಒರೆಗೆ ಹಚ್ಚಲು ತಕ್ಕ ನಿದರ್ಶನ.

ಕ್ರಿ. ಶ. 1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಒಂದು ದೂತಮಂಡಲಿಯನ್ನು ಕಳುಹಿಸಿದರು. ಕರಿಮೆಣಸಿನ ವ್ಯಾಪಾರವೂ ನಾಯಕನು ವಶಪಡಿಸಿಕೊಂಡಿದ್ದ ಬಂಗರಸನ ಸೀಮೆಯ ವಿವಾದವೂ ಅವರ ಕಾರ್ಯ. ಗೋವೆಯಲ್ಲಿ ನಾಯಕನ ಪ್ರತಿನಿಧಿಯಾಗಿದ್ದ ವಿಠಲ ಶೆಣೈ ಎಂಬಾತನೂ ಅದೇ ಮಂಡಲಿಯೊಡನೆ ಹೊರಟನು. ಸಮುದ್ರಮಾರ್ಗವಾಗಿ ಹೊನ್ನಾವರ, ಅಲ್ಲಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆ, ಮುಂದೆ ಘಟ್ಟವನ್ನೇರಿ ಇಕ್ಕೇರಿ, ಇದು ಅವರ ದಾರಿ. ಈ ಗುಂಪಿನಲ್ಲಿ ರೋಮ್ ನಗರದ ಕುಲೀನನಾದ ದೆಲ್ಲಾ ವಲ್ಲೆಗೆ ಯಾವ ಅಧಿಕಾರವೂ ಇರಲಿಲ್ಲ, ಯಾವ ಕೆಲಸವೂ ಇರಲಿಲ್ಲ. ಲೋಕವನ್ನು ನೋಡಬೇಕೆಂದು ಬಂದವನು. ನೋಡಿದ್ದನ್ನು ನೇಪಲ್ಸ್ ನಗರದ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ದಿನಾಂಕ ಹಾಕಿ ಬರೆಯುತ್ತ ಹೋದವನು. ಉಳಿದವರು ರಾಜನ ಉತ್ತರಕ್ಕಾಗಿ ಕಾಯುತ್ತಿದ್ದಾಗ ಈತ ಬೀದಿಯಲ್ಲಿ ತಿರುಗಿದನು. ಆ ಪತ್ರಗಳ ಭಾಗ್ಯವೆಲ್ಲ ಈ ನಿರುದ್ಯೋಗದಲ್ಲಿದೆ.

ಘಟ್ಟದ ಮೇಲೆ ಹನುಮಂತನ ಗುಡಿಯ ಜಗಲಿಯಲ್ಲಿ ಅವನು ಕಂಡ ನೋಟವನ್ನು ಮೊದಲು ಹೇಳಬೇಕು. ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ ಲೆಕ್ಕವನ್ನು ಕಲಿಯುತ್ತಿದ್ದರು. ಒಬ್ಬನು ಪಾಠವನ್ನು ರಾಗವಾಗಿ ಹೇಳಿ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರು ಅದನ್ನೇ ಹಾಡುತ್ತ ಬರೆಯುವರು. ಮರಳು ತುಂಬಿದರೆ ಅಳಿಸಿ ಮತ್ತೆ ಹರಡುವರು. ಗುರುಗಳಾರೂ ಬಳಿಯಲ್ಲಿರಲಿಲ್ಲ. ಮರೆತರೆ, ತಪ್ಪಿದರೆ, ತಿದ್ದುವವರಾರೆಂದು ಪ್ರವಾಸಿಯು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ಒಂದೇ ಬಾರಿಗೆ ತಪ್ಪುವುದು ಸಾಧ್ಯವಿಲ್ಲ, ಆದುದರಿಂದ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತೇವೆ ಎಂಬುದು ಮಕ್ಕಳ ಉತ್ತರವಾಗಿತ್ತು. ಈ ಕಲಿಕೆಯ ಕ್ರಮ ಅವನಿಗೆ ಬಹಳ ಮೆಚ್ಚುಗೆಯಾಯಿತು. ನಮ್ಮ ಕೂಲಿಮಠಗಳ ಮಗ್ಗಿಯ ಪದ್ಧತಿಗೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ದೊರೆಯುವುದು ಕಷ್ಟ. ‘ಶಿವತತ್ತ್ವರತ್ನಾಕರ’ವಾಗಲಿ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವಾಗಲಿ ಆ ರಾಜಮನೆತನದ ಮಹತ್ತ್ವವನ್ನು ಹೇಳಲು ಹೊರಟ ಗ್ರಂಥಗಳು, ಘಟ್ಟದ ಹುಡುಗರ ಮರಳಿನ ಅಕ್ಷರಗಳು ಅವುಗಳ ವಸ್ತುವಲ್ಲ. ಅದು ಅವುಗಳ ದೋಷವೂ ಅಲ್ಲ.

ಇಕ್ಕೇರಿಯ ಬೀದಿಯಲ್ಲಿ ರಾತ್ರಿ ಹೆಂಗಸರು ಬಣ್ಣದ ಕೋಲುಗಳನ್ನು ಹಿಡಿದು, ಸುತ್ತುಗಟ್ಟಿ, ಹಾಡಿಗೆ ತಕ್ಕಂತೆ ಕೋಲು ತಾಕಿಸುತ್ತ ಕುಣಿದುದನ್ನೂ ಅವನು ಬರೆದಿದ್ದಾನೆ. ವಿಚಾರಿಸಿದಾಗ ಅದು ಮಹಾದೇವನ ಮಡದಿ ಗೌರಿಯ ಹಬ್ಬವೆಂದು ತಿಳಿಯಿತಂತೆ. ನವೆಂಬರ್ ತಿಂಗಳ ಮಾತಾದುದರಿಂದ ಕಾರ್ತಿಕದ ಗೌರೀಹುಣ್ಣಿಮೆಯಿರಬೇಕೆಂದು ಕನ್ನಡ ಓದುಗನು ಸುಲಭವಾಗಿ ಊಹಿಸಬಲ್ಲನು. ಕೋಲಾಟವೆಂಬ ಹೆಸರು ಅವನಿಗೆ ಸಿಕ್ಕಿಲ್ಲ. ಕುಣಿತದ ಅಂಗಾಂಗವೂ ಸಿಕ್ಕಿದೆ. ಹೆಸರುಗಳ ವಿಷಯದಲ್ಲಿ ಅವನು ಕಿವಿಗೆ ನಿಷ್ಠನು. ಇಟಾಲಿಯನ್ ಬರವಣಿಗೆಯ ಕ್ರಮವನ್ನರಿತು ಓದಿದರೆ ಅವನ ‘ಜ್ಯಾಂಗಮ’ ನಮ್ಮ ಜಂಗಮ, ‘ಬದ್ರಾಮಾ’ ನಮ್ಮ ಭದ್ರಮ್ಮ, ‘ವಿತುಲಾ ಸಿನಾಯ್’ ವಿಠಲ ಶೆಣೈ. ಲಿಂಗವಂತ ಎಂಬ ಶಬ್ದವಂತೂ ಹೆಚ್ಚು ಕೆಡದೆ ರೋಮಿನವರೆಗೆ ಹೋಗಿದೆ.

ಆದರೆ ಇದೇ ಲೇಖಕನು ದೇವಾಲಯದೊಳಗಿನ ಮೂರ್ತಿಯ ಮುಂದೆ ನಿಂತೊಡನೆ ಬೇರೆಯವನಾಗುತ್ತಾನೆ. ಅಲ್ಲಿ ಕಾಣುವ ಕೆಲಸವನ್ನು ಕಣ್ಣು ಬಿಟ್ಟುಕೊಟ್ಟು, ತವರಿನಿಂದ ಹೊತ್ತುತಂದ ತೀರ್ಮಾನ ಮಾತನಾಡತೊಡಗುತ್ತದೆ. ವೆಂಕಟಪ್ಪನನ್ನು ರಾಜನೆನ್ನುವುದಕ್ಕಿಂತ ಕಿರುದೊರೆಯೆನ್ನುವುದೇ ಸರಿಯೆಂಬ ಅವನ ಮಾತೂ ಈ ಬಗೆಯದೇ. ಪಾರಸಿಕ ಚಕ್ರವರ್ತಿಯ ವೈಭವವನ್ನು ಕಂಡು ಬಂದ ಕಣ್ಣಿಗೆ ಮಲೆನಾಡಿನ ಅರಮನೆ ಚಿಕ್ಕದಾಗಿ ಕಂಡರೆ ಆಶ್ಚರ್ಯವಿಲ್ಲ. ಆ ಚಿಕ್ಕ ಅರಮನೆಯ ಬಾಗಿಲಲ್ಲಿ ಪೋರ್ಚುಗೀಸರು ಮೆಣಸಿಗಾಗಿ ಕಾಯುತ್ತಿದ್ದರೆಂಬುದನ್ನೂ ಅವನೇ ಬರೆದಿದ್ದಾನೆಂದು ಮರೆಯಬಾರದು.

ಕಂಡದ್ದು, ಕೇಳಿದ್ದು, ಮೊದಲೇ ನಂಬಿದ್ದು ಎಂದು ಈ ಪತ್ರಗಳಲ್ಲಿ ಮೂರು ಪದರಗಳಿವೆ. ಪಟ್ಟದರಸಿ ಭದ್ರಮ್ಮನ ವೃತ್ತಾಂತ ಎರಡನೆಯ ಪದರದ್ದು. ಪತಿಯು ಅನ್ಯಮತದ ಹೆಣ್ಣಿನ ಸಂಗವನ್ನು ಮಾಡಿದನೆಂದು ತಿಳಿದ ಮೇಲೆ, ಲಿಂಗವಂತೆಯಾದ ತನ್ನ ಆಚಾರಕ್ಕೆ ಭಂಗವೆಂದು, ಅವಳು ಅವನೊಡನೆ ದಾಂಪತ್ಯವನ್ನು ತೊರೆದು ಅದೇ ಮನೆಯಲ್ಲಿ ಗೌರವದಿಂದ ಬಾಳಿದಳೆಂದು ಜನರು ಹೇಳಿದ್ದನ್ನು ಅವನು ಬರೆದುಕೊಂಡನು. ಆಚಾರನಿಷ್ಠೆಯ ದೃಷ್ಟಾಂತವಾಗಿ ಇದು ಎಷ್ಟು ರುಚಿಸಿದರೂ ಅಂಗಡಿಬೀದಿಯಲ್ಲಿ ಕಿವಿಗೆ ಬಿದ್ದ ಅರಮನೆಯ ಮಾತೆಂಬ ಎಚ್ಚರ ಬೇಕು. ಪ್ರಜೆಗಳು ತಮ್ಮ ರಾಣಿಯನ್ನು ಹೇಗೆ ನೆನೆಯಲು ಬಯಸಿದರೆಂಬುದಕ್ಕೆ ಅದು ಪ್ರಮಾಣ, ನಡೆದುದಕ್ಕೆ ಪ್ರಮಾಣವಲ್ಲ.

ಜಂಗಮರಿಗೆ ಜನರು ತೋರಿದ ಭಕ್ತಿಯನ್ನೂ ಭದ್ರಮ್ಮನ ನಿಷ್ಠೆಯನ್ನೂ ಈ ಪತ್ರಗಳಿಂದ ಎತ್ತಿಕೊಳ್ಳುವವರು ಅವುಗಳ ಬಳಿಯಲ್ಲೇ ಕುಳಿತಿರುವ ಇನ್ನೊಬ್ಬ ಹೆಣ್ಣನ್ನು ದಾಟಿಹೋಗುವಂತಿಲ್ಲ. ಅವಳ ಹೆಸರು ‘ಜ್ಯಾಕಮಾ’, ಜಕ್ಕಮ್ಮನಿರಬೇಕು. ತೆಲುಗರ ಪೈಕಿ, ಡೋಲು ಬಾರಿಸುವವನ ಹೆಂಡತಿ. ಗಂಡ ತೀರಿಕೊಂಡಿದ್ದನು, ಅವಳು ಅಗ್ನಿಪ್ರವೇಶದ ನಿಶ್ಚಯ ಮಾಡಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯ ಮೇಲೆ ಊರಿನಲ್ಲಿ ಸಾಗುತ್ತಿದ್ದವಳನ್ನು ದೆಲ್ಲಾ ವಲ್ಲೆ ಮೊದಲು ಕಂಡನು. ಕೆಲವು ದಿನಗಳ ಮೇಲೆ ಅವಳ ಮನೆಯನ್ನು ಹುಡುಕಿಕೊಂಡು ಹೋದನು. ಬಿಳಿಯ ಬಟ್ಟೆಯುಟ್ಟು, ಹೂಮುಡಿದು, ಅಂಗಳದಲ್ಲಿ ಕುಳಿತು ನಗುನಗುತ್ತ ಮಾತನಾಡುತ್ತಿದ್ದಳಂತೆ. ಎಳೆಯ ಮಕ್ಕಳ ಮಾತನ್ನೆತ್ತಿ ಅವನು ಬೇಡವೆಂದು ಹೇಳಿ ನೋಡಿದನು. ಅವಳು ಒಪ್ಪಲಿಲ್ಲ, ಯಾರ ಬಲಾತ್ಕಾರವೂ ಇಲ್ಲವೆಂದಳು. ಕೊನೆಗೆ ಅವಳ ಹೆಸರನ್ನು ತನ್ನ ಬರಹದಲ್ಲಿ ಉಳಿಸುವೆನೆಂದು ಮಾತು ಕೊಟ್ಟು ಎದ್ದನು.

ಹೀಗೆ ಕೇಳಿದವನು ಯಾರು? ಅವನ ಮಡದಿ ಮಾನಿ 1621ರ ಕೊನೆಯಲ್ಲಿ ಪಾರಸಿಕ ದೇಶದಲ್ಲಿ ತೀರಿಕೊಂಡಿದ್ದಳು. ಅವಳ ಶವವನ್ನು ಕೆಡದಂತೆ ಸಂಸ್ಕರಿಸಿ ಭಾರತಕ್ಕೂ ತಂದು, ಕಡೆಗೆ ರೋಮಿಗೆ ಒಯ್ದು 1627ರಲ್ಲಿ ಸಮಾಧಿ ಮಾಡಿದನು. ಈ ಸಂಗತಿಯನ್ನು ಬಲ್ಲವನಿಗೆ ಆ ಅಂಗಳದ ಸಂಭಾಷಣೆ ಬೇರೆ ಅರ್ಥವನ್ನೇ ಕೊಡುತ್ತದೆ. ಅಗಲಿದವರನ್ನು ಬಿಡಲಾರದ ಇಬ್ಬರು ಎದುರೆದುರು ಕುಳಿತಿದ್ದಾರೆ. ಇಡೀ ಗ್ರಂಥದಲ್ಲಿ ಅವನು ಮತಾಭಿಮಾನವನ್ನು ಮರೆತು ಬರೆದ ಪುಟಗಳಲ್ಲಿ ಇವು ಮುಖ್ಯವಾದವು.

ಜಕ್ಕಮ್ಮ ಲಿಂಗವಂತೆಯಲ್ಲ, ವೀರಶೈವರಲ್ಲಿ ಶವಕ್ಕೆ ಸಮಾಧಿಯಲ್ಲದೆ ದಹನವಿಲ್ಲ, ಆದುದರಿಂದ ಈ ಪ್ರಸಂಗ ನಮಗೆ ಸಂಬಂಧಿಸಿದ್ದಲ್ಲ ಎಂದು ವಾದಿಸಬಹುದು. ಸಂಪ್ರದಾಯದ ಮಟ್ಟಿಗೆ ವಾದ ಸರಿಯೇ. ಆದರೆ ಡೋಲು ಮೊಳಗಿದ್ದು ಇಕ್ಕೇರಿಯ ಬೀದಿಯಲ್ಲಿ. ಹೆಣ್ಣಿಗೆ ಅನುಭಾವದ ಗೋಷ್ಠಿಯಲ್ಲಿ ಸಮಾನ ಸ್ಥಾನವನ್ನು ಕೊಟ್ಟ ಶರಣರನ್ನು ಗುರುಗಳೆನ್ನುವ ಅರಸನ ರಾಜಧಾನಿಯಲ್ಲಿ. ಹನ್ನೆರಡನೆಯ ಶತಮಾನದ ಮಾತಿಗೂ ಹದಿನೇಳನೆಯ ಶತಮಾನದ ರಾಜ್ಯಭಾರಕ್ಕೂ ನಡುವಿನ ಅಂತರವನ್ನು ಅಳೆಯಬೇಕೆನ್ನುವ ವಿದ್ಯಾರ್ಥಿಗೆ ಜಂಗಮಭಕ್ತಿಯ ಪುಟವೆಷ್ಟು ಬೇಕೋ ಈ ಪುಟವೂ ಅಷ್ಟೇ ಬೇಕು.

ಪರದೇಶಿಯ ಮಾತನ್ನು ನಂಬುವುದೆಂತು ಎಂಬ ಪ್ರಶ್ನೆಗೆ ಘಟ್ಟದ ಹುಡುಗರ ಕ್ರಮವೇ ಸಾಕು: ಒಬ್ಬನ ಪಾಠವನ್ನು ಇನ್ನೊಬ್ಬನು ತಿದ್ದಲಿ. ಜಕ್ಕಮ್ಮನ ವಿಷಯದಲ್ಲಿ ಆ ಇನ್ನೊಬ್ಬನು ಕಲ್ಲಿನಲ್ಲಿದ್ದಾನೆ. ಕರ್ನಾಟಕದ ಹಳ್ಳಿಗಳಲ್ಲಿ ಹೊಲದ ಬದುವಿನಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ಮಾಸ್ತಿಕಲ್ಲುಗಳಲ್ಲಿ ಬಳೆತೊಟ್ಟ ತೋಳು ಮೇಲಕ್ಕೆದ್ದಿರುತ್ತದೆ; ಎಷ್ಟೋ ಕಲ್ಲುಗಳಲ್ಲಿ ಆ ಕೈಯ ಹೆಬ್ಬೆರಳಿನ ಸಂದಿನಲ್ಲಿ ಒಂದು ನಿಂಬೆಹಣ್ಣು, ಕೆಲವು ಕಡೆ ಇನ್ನೊಂದು ಕೈಯಲ್ಲಿ ಕನ್ನಡಿ. ಶಿಲ್ಪಿಯು ರೋಮಿನವನ ಪತ್ರವನ್ನು ಕಂಡವನಲ್ಲ. ರೋಮಿನವನು ಈ ಕಲ್ಲುಗಳ ಅರ್ಥವನ್ನು ಬಲ್ಲವನಲ್ಲ.