ದೂರದ ಹಾದಿಯ ಮಾತು: ಟ್ರೈಯಥ್ಲಾನ್ ಪಾಡ್‌ಕಾಸ್ಟ್ ರಸಿಕರಿಗೊಂದು ಕೈಪಿಡಿ

ಪಾಡ್‌ಕಾಸ್ಟುಗಳನ್ನು ಒಂದೂವರೆ ಪಟ್ಟು ವೇಗಕ್ಕೆ ಏರಿಸಿ ಕೇಳುವ ಪರಿಪಾಠವೊಂದು ಈಚೆಗೆ ಬೆಳೆದಿದೆ. ವಾರ್ತೆಗೂ ಪೇಟೆಧಾರಣೆಗೂ ಅದು ಒಪ್ಪಬಹುದು. ಆದರೆ ಈಜು, ಸೈಕಲ್ಲು, ಓಟ ಈ ಮೂರನ್ನೂ ಎಡೆಬಿಡದೆ ಒಂದರ ಬೆನ್ನಿಗೊಂದಾಗಿ ಮುಗಿಸುವ ಟ್ರೈಯಥ್ಲಾನಿನ ಮತ್ತು ಅದರ ದಾಯಾದಿಗಳಾದ ದೂರದ ಓಟಗಳ ವಿಷಯವಾಗಿ ನಡೆಯುವ ಸಂಭಾಷಣೆಗಳನ್ನು ಆಸ್ವಾದಿಸಬೇಕೆಂಬ ಅಪೇಕ್ಷೆಯುಳ್ಳವನು ಮೊತ್ತಮೊದಲು ಆ ಗುಂಡಿಯಿಂದ ಬೆರಳನ್ನು ಹಿಂತೆಗೆಯತಕ್ಕದ್ದು. ಈ ಪ್ರಕಾರದ ಜೀವಾಳವು ಮಾತಿನಲ್ಲಿ ಎಷ್ಟಿದೆಯೋ, ಮಾತು ತಡವರಿಸಿ ನಿಲ್ಲುವ ಎಡೆಯಲ್ಲಿಯೂ ಅಷ್ಟೇ ಇದೆ. ಆಲಾಪನೆಯನ್ನು ಅವಸರಪಡಿಸಿದವನಿಗೆ ರಾಗ ಹೇಗೆ ದಕ್ಕದೋ ಹಾಗೆಯೇ ಆ ಎಡೆಗಳನ್ನು ಅಳಿಸಿ ಕೇಳಿದವನಿಗೆ ಇದು ದಕ್ಕದು.

ಈ ಕ್ರೀಡೆ ಕಣ್ಣಿಗಿಂತ ಕಿವಿಗೇ ಹೆಚ್ಚು ಒಲಿಯುವುದೇಕೆಂಬುದನ್ನು ಅದರ ಪ್ರಮಾಣವೇ ಹೇಳುತ್ತದೆ. ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಇವರ ಕಲ್ಪನೆಯಲ್ಲಿ ಮೂಡಿ, 1978ರ ಫೆಬ್ರವರಿಯಲ್ಲಿ ಹವಾಯಿಯ ಓಆಹು ದ್ವೀಪದಲ್ಲಿ 15 ಮಂದಿ ಆರಂಭಿಸಿ 12 ಮಂದಿ ಮುಗಿಸಿದ ಐರನ್‌ಮ್ಯಾನ್ ಪಂದ್ಯವೆಂದರೆ ಸುಮಾರು 3.8 ಕಿ.ಮೀ. ಕಡಲ ಈಜು, 180 ಕಿ.ಮೀ. ಸೈಕಲ್ ಸವಾರಿ, ಅದರ ಮೇಲೆ 42.2 ಕಿ.ಮೀ.ಗಳ ಪೂರ್ಣ ಮ್ಯಾರಥಾನ್. ಅತಿ ಸಮರ್ಥರಿಗೇ ಎಂಟು ಗಂಟೆಯಷ್ಟು ಹಿಡಿಯುವ, ಕೊನೆಯವರಿಗೆ ಹದಿನೇಳು ಗಂಟೆಯ ಗಡುವಿರುವ ಈ ಯಾತ್ರೆಯನ್ನು ಪರದೆಯ ಮೇಲೆ ನೋಡುವವನಿಗೆ ಕಾಣುವುದು ಕರಿಯ ಲಾವಾ ಬಯಲು, ಅದರ ನಡುವೆ ಬಾಗಿದ ಒಂದು ಬೆನ್ನು, ಇಷ್ಟೇ. ನಡೆಯುವುದೆಲ್ಲ ಒಳಗೆ ನಡೆಯುತ್ತದೆ. ಅನುಭವಿಸಿದವನು ಬಾಯಿಬಿಟ್ಟು ಹೇಳಿದ ಹೊರತು ಅದು ಲೋಕಕ್ಕೆ ತಿಳಿಯುವುದಿಲ್ಲ. 1982ರಲ್ಲಿ ಪದವಿಯ ಪ್ರಬಂಧಕ್ಕೆ ಸಾಮಗ್ರಿಯಾದೀತೆಂದು ಪಂದ್ಯಕ್ಕಿಳಿದ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದು, ಗುರಿಗೆ ಕೆಲವೇ ಗಜಗಳಿರುವಾಗ ಕುಸಿದು, ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಲ್ಲೇ ದಾಟಿಹೋದ 29 ಸೆಕೆಂಡುಗಳ ತರುವಾಯ ತೆವಳುತ್ತ ಗೆರೆ ಮುಟ್ಟಿದುದನ್ನು ದೂರದರ್ಶನದಲ್ಲಿ ಕಂಡು ಅಮೆರಿಕವೇ ಬೆರಗಾಯಿತು. ಆದರೆ ಕ್ಯಾಮೆರಾ ತೋರಿಸಿದ್ದು ತೆವಳುವ ದೇಹವನ್ನು. ತೆವಳಲು ನಿಶ್ಚಯಿಸಿದ ಮನಸ್ಸನ್ನು ಅರಿಯಬೇಕಾದರೆ ಆಕೆಯ ಕಂಠದಿಂದಲೇ ಕೇಳಬೇಕು.

ಹೊಸಬರು ಎಲ್ಲಿಂದ ತೊಡಗಬೇಕೆಂದು ಕೇಳಿದರೆ, 1989ರ ಅಕ್ಟೋಬರಿನಲ್ಲಿ ಹವಾಯಿಯ ಕೋನಾದಲ್ಲಿ ನಡೆದ ಐರನ್‌ಮ್ಯಾನ್ ಕಾಳಗದಿಂದ ಎಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ಡೇವ್ ಸ್ಕಾಟ್ ಅದುವರೆಗೆ ಅಲ್ಲಿ ಆರು ಸಲ ಗೆದ್ದವನು. ಮಾರ್ಕ್ ಆಲೆನ್ ಆರು ಸಲ ಸೋತವನು. ಎಂಟು ಗಂಟೆಗಳ ಕಾಲ ಭುಜಕ್ಕೆ ಭುಜ ತಾಗುವಂತೆ ಸಾಗಿದ ಇಬ್ಬರೂ ಒಬ್ಬರೊಡನೊಬ್ಬರು ಮಾತೇ ಆಡಲಿಲ್ಲ. ಕೊನೆಯ ಏರಿನಲ್ಲಿ ಆಲೆನ್ ಮುಂದಕ್ಕೆ ಚಿಮ್ಮಿ 8:09:15ಕ್ಕೆ ಗೆದ್ದನು. ಸ್ಕಾಟ್ ಬಂದುದು 58 ಸೆಕೆಂಡುಗಳ ಬಳಿಕ. ಈ ಕಥೆಯನ್ನು ಇಬ್ಬರೂ ಹಲವು ಸಂದರ್ಶನಗಳಲ್ಲಿ ಹೇಳಿರುವರು. ಓಟದ ನಡುವೆ ಇನ್ನು ಕೈಚೆಲ್ಲುವುದೇ ಸರಿಯೆಂದು ತೋರಿದ ಗಳಿಗೆಯಲ್ಲಿ, ಪಂದ್ಯಕ್ಕೆ ಮುಂಚೆ ಪತ್ರಿಕೆಯೊಂದರಲ್ಲಿ ಕಂಡಿದ್ದ ಮೆಕ್ಸಿಕೋದ ಹುಯಿಚೋಲ್ ಜನಾಂಗದ ವೃದ್ಧ ಗುರುವೊಬ್ಬನ ಮುಖ ತನ್ನ ಕಣ್ಣೆದುರು ಮೂಡಿ ಒಳಗಿನ ಗದ್ದಲವೆಲ್ಲ ಅಡಗಿತೆಂದು ಆಲೆನ್ ಹೇಳುತ್ತಾನೆ. ಅವನ ನಿರೂಪಣೆಯನ್ನು ಒಂದು ದಿನ, ಸ್ಕಾಟನದನ್ನು ಮರುದಿನ ಕೇಳಿ. ಒಂದೇ ರಾಗವನ್ನು ಇಬ್ಬರು ವಿದ್ವಾಂಸರಲ್ಲಿ ಕೇಳಿದ ಅನುಭವವಾಗುತ್ತದೆ, ಗೆದ್ದವನಿಗೆ ದರ್ಶನವಾಗಿ ಕಂಡ ಹೊತ್ತು ಸೋತವನಿಗೆ ಬರಿಯ ಬಿಸಿಲಾಗಿ, ಬಿಗಿದ ತೊಡೆಯಾಗಿ ನೆನಪಿನಲ್ಲಿ ಉಳಿಯಬಹುದೆಂಬುದು ಆಗ ಹೊಳೆಯುತ್ತದೆ. ಇಂಥ ಹಳಬರ ಮಾತಿಗೆ ಬಾಬ್ ಬ್ಯಾಬಿಟ್‌ನ ಕಾರ್ಯಕ್ರಮಗಳು ಭಂಡಾರವಿದ್ದಂತೆ. ಸ್ವತಃ 1980ರ ಪಂದ್ಯವನ್ನು ಮುಗಿಸಿದ ಆತನಿಗೆ ಯಾವ ಪ್ರಶ್ನೆಯ ಬಳಿಕ ಸುಮ್ಮನಿರಬೇಕೆಂಬುದು ಚೆನ್ನಾಗಿ ಗೊತ್ತು.

ಇದಕ್ಕೆ ಭಿನ್ನವಾದುದು ಶಾಸ್ತ್ರಚರ್ಚೆಯ ಶಾಖೆ. ಮಿಕೇಲ್ ಎರಿಕ್ಸನ್ ನಡೆಸುವ ದಟ್ ಟ್ರೈಯಥ್ಲಾನ್ ಶೋದಂಥವುಗಳಲ್ಲಿ ತರಬೇತುದಾರರೂ ಶರೀರವಿಜ್ಞಾನಿಗಳೂ ಕುಳಿತು ಮಾತನಾಡುತ್ತಾರೆ. ಪರಿಭಾಷೆ ಮೊದಮೊದಲು ತೊಡಕೆನಿಸುವುದು ಸಹಜ. ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಲೇ ಸಾಗಬಲ್ಲ ಹದಕ್ಕೆ ಝೋನ್ ಟೂ ಎಂದೂ, ಸೈಕಲ್ಲಿನಿಂದಿಳಿದೊಡನೆ ಓಡುವ ಅಭ್ಯಾಸಕ್ಕೆ ಬ್ರಿಕ್ ಎಂದೂ, ಒಡಲಿನ ಸಕ್ಕರೆ ಬರಿದಾಗಿ ಕಾಲು ಕಟ್ಟಿಹೋಗುವುದಕ್ಕೆ ಬಾಂಕ್ ಎಂದೂ ಅವರು ಹೇಳುವರು. ಈ ಮೂರು ತಿಳಿದರೆ ಅರ್ಧ ದಾರಿ ಸವೆದಂತೆ. ಕರುಳು ಗಂಟೆಗೆ ಸುಮಾರು 60 ಗ್ರಾಂ ಗ್ಲೂಕೋಸನ್ನಷ್ಟೇ ಹೀರಬಲ್ಲದು, ಫ್ರಕ್ಟೋಸಿಗೆ ಬೇರೊಂದು ಬಾಗಿಲಿದೆ, ಎರಡನ್ನೂ ಬೆರೆಸಿದರೆ 90 ಗ್ರಾಮಿನವರೆಗೂ ಅದಕ್ಕೂ ಮೇಲಕ್ಕೂ ಹೋಗಬಹುದು ಎಂಬ ವಿವರಣೆಯನ್ನು ಮೊದಲು ಕೇಳಿದ ದಿನ ನನಗೆ ನೆನಪಾದುದು ರಾಮನವಮಿಯ ಪಾನಕ; ಬೆಲ್ಲದ ಸಿಹಿಯಲ್ಲಿ ಬಹುಪಾಲು ಈ ಎರಡೂ ಜೊತೆಗೂಡಿದ ಸಕ್ಕರೆಯೇ ಅಲ್ಲವೆ! ಆದರೆ ಈ ಶಾಖೆಯಲ್ಲಿ ಒಂದು ಎಚ್ಚರ ಅವಶ್ಯ. ಕಾರ್ಯಕ್ರಮಕ್ಕೆ ಹಣ ಕೊಟ್ಟವರ ಪಾನೀಯವನ್ನು ನಿರೂಪಕನು ಹೊಗಳುವಾಗ ಅದು ವಿಜ್ಞಾನವೋ ವಿಜ್ಞಾಪನೆಯೋ ಎಂಬುದನ್ನು ಕಿವಿ ಬೇರ್ಪಡಿಸಿಕೊಳ್ಳಬೇಕು.

ನಾನು ಕೇಳುವುದು ನಡೆಯುತ್ತ, ಶ್ರೀರಂಗಪಟ್ಟಣದ ಸಮೀಪ ಕಾಲುವೆಯ ಏರಿಯ ಮೇಲೆ, ಒಂದು ಕಿವಿಯನ್ನು ಎತ್ತಿನಗಾಡಿಗೂ ಟ್ರ್ಯಾಕ್ಟರಿಗೂ ಬಿಟ್ಟುಕೊಟ್ಟು. ಕಾವೇರಿ ಟ್ರೈಲ್ ಮ್ಯಾರಥಾನಿನ ಓಟಗಾರರು ತುಳಿಯುವ ಮಣ್ಣಿನ ಹಾದಿಯದು. ಅಲ್ಲಿ ಒಂದು ಮುಂಜಾನೆ, ನಾನು ಕೇಳುತ್ತಿದ್ದ ಸಂಚಿಕೆಯಲ್ಲಿ, ಹೆಸರು ಮರೆತುಹೋದ ಒಬ್ಬ ನಡುವಯಸ್ಸಿನ ಹೆಂಗಸು ತನ್ನ ಪಂದ್ಯವನ್ನು ವಿವರಿಸುತ್ತಿದ್ದಳು. ಮ್ಯಾರಥಾನಿನ ಮೂವತ್ತನೆಯ ಕಿಲೋಮೀಟರಿನ ವಿಷಯ ಬಂದಾಗ, ಅಲ್ಲಿ ಕುಳಿತುಬಿಟ್ಟೆ ಎಂದು ಹೇಳಿ ನಿಲ್ಲಿಸಿದಳು. ಸಂದರ್ಶಕನೂ ತುಟಿ ಬಿಚ್ಚಲಿಲ್ಲ. ಆ ಮೌನದಲ್ಲಿ ಆಕೆ ಉಸಿರನ್ನು ಒಳಕ್ಕೆಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ಬಳಿಕ, ಎದ್ದೆ, ಎಂದಳು. ನಾನು ಕಾಲುವೆಯ ತೂಬಿನ ಬಳಿ ನಿಂತು, ಹಿಂದಕ್ಕೆ ಸರಿಸಿ, ಆ ಉಸಿರನ್ನು ಮತ್ತೊಮ್ಮೆ ಕೇಳಿದೆನು.

ಆದುದರಿಂದ ಗೆದ್ದವರ ಸಂಚಿಕೆಗಳಲ್ಲಿಯೇ ನಿಲ್ಲಬೇಡಿರಿ. ದಶಕಗಳ ಕಾಲ ಐರನ್‌ಮ್ಯಾನಿನ ಕೊನೆಯ ಗೆರೆಯ ಬಳಿ ನಿಂತು ಮುಗಿಸಿದವರ ಹೆಸರನ್ನು ಕೂಗಿ ಹೇಳಿದ ಮೈಕ್ ರೈಲಿಯ ನೆನಪುಗಳಿವೆ. ಬೆಳಗ್ಗೆ ಏಳಕ್ಕೆ ನೀರಿಗಿಳಿದು ನಡುರಾತ್ರಿಗೆ ಇನ್ನು ಕೆಲವೇ ನಿಮಿಷಗಳಿರುವಾಗ ದೀಪದ ಬೆಳಕಿಗೆ ಬಂದು ತಲಪುವ ಅಜ್ಜಂದಿರ, ಗುಮಾಸ್ತರ, ತಾಯಂದಿರ ಮಾತುಗಳಿವೆ. ರಾತ್ರಿ ಊಟವಾದ ಮೇಲೆ, ಮನೆಯ ದೀಪಗಳನ್ನು ಆರಿಸಿ, ಅವನ್ನು ಅವುಗಳದೇ ನಡಿಗೆಯಲ್ಲಿ ಕೇಳಿರಿ.